ಪೈಲ್ವಾನನ ಬಲಗೈ

ಅವನ ಕೈಗೆ ಎರಡನೇ ಆಪರೇಷನ್ ಆದಮೇಲೆ ಅವಳು ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಇವತ್ತೂ ಅಷ್ಟೇ. ಕೈ ಅಲುಗದಂತೆ ಕಟ್ಟಿದ್ದ ಸ್ಪ್ಲಿಂಟಿನ ಪಟ್ಟಿ ಬಿಚ್ಚಿದಳು, ಅಂಗೈಯ ಹೊಲಿಗೆ ನೋಡಿದಳು, ಮುಖ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಪೈಲ್ವಾನ ಎಂದೇ ಹೆಸರು. ಫಿಸಿಯೋಥೆರಪಿಸ್ಟ್. ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವುದು, ಬಿಗಿದ ಮಂಡಿಯನ್ನು ಒತ್ತಿ ಮಡಚಿಸುವುದು, ಸೋತ ಕಾಲಿಗೆ ಬಲ ತುಂಬುವುದು ಅವನ ಕೆಲಸ. ಅವಳದು ಎದುರಿನ ಕೋಣೆ, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿ. ಅಲ್ಲಿ ಒಲೆಯಿದ್ದೂ ಯಾರೂ ಉಣ್ಣದ ಅಡುಗೆಕಟ್ಟೆ, ಹಲಗೆಗೆ ಹೊಡೆದ ಬೀಗ ಚಿಲಕಗಳು, ಗುಂಡಿ ಹಾಕಿ ಕಲಿಯಲು ಹಳೆಯ ಅಂಗಿಗಳು. ಅವಳಿಗೆ 'ಬಟನ್ ಟೀಚರ್' ಎಂದು ಹೆಸರಿಟ್ಟವನು ಅವನೇ.

"ನಾನು ಕಷ್ಟಪಟ್ಟು ನಡೆಸಿ ಕಳಿಸ್ತೀನಿ, ನೀವು ಕೂರಿಸಿ ಮಕ್ಕಳಾಟ ಆಡಿಸ್ತೀರಿ," ಎಂದು ಕಾಡುತ್ತಿದ್ದ.

"ನಡ್ಕೊಂಡು ಬಚ್ಚಲಿಗೆ ಹೋದೋರು ಪ್ಯಾಂಟ್ ಬಿಚ್ಚೋದು ಹೇಗೆ ಅಂತ ನನ್ನನ್ನೇ ಕೇಳ್ತಾರೆ ಸಾರ್," ಎಂದು ಅವಳು ಕಣ್ಣಂಚಿನಲ್ಲೇ ನಗುತ್ತಿದ್ದಳು.

ಆ ನಗೆಗಾಗಿ ಅವನು ದಿನಕ್ಕೊಂದು ನೆಪ ಹುಡುಕಿ ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದ. ಊರಿಗೆಲ್ಲ ಗೊತ್ತಾಗಿದ್ದನ್ನು ಅವಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಹೇಳುವ ಮೊದಲೇ ಕಿಟಕಿಯ ಗಾಜು ಒಡೆದು ಅವನ ಬಲ ಅಂಗೈ ಸೀಳಿತು. ಬೆರಳು ಮಡಚುವ ಟೆಂಡನ್ನುಗಳು ತುಂಡಾದವು. ಹೊಲಿದ ಡಾಕ್ಟರು ಅವನನ್ನು ಅವಳ ಕೋಣೆಗೇ ಕಳಿಸಿದರು. ಅವಳೇ ಸ್ಪ್ಲಿಂಟ್ ಮಾಡಿ ತೊಡಿಸಿ, "ಬಿಚ್ಚಬೇಡಿ, ಏನನ್ನೂ ಹಿಂಡಬೇಡಿ. ಬಲದ ಮಾತು ಆಮೇಲೆ," ಎಂದಿದ್ದಳು.

ಹತ್ತು ಜನಕ್ಕೆ ಬುದ್ಧಿ ಹೇಳುವವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಕ್ಕನಿಂದ ಅಂಗಿಯ ಗುಂಡಿ ಹಾಕಿಸಿಕೊಂಡು ಬಂದು ಅವಳೆದುರು ಕೂತರೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು. ಕೈ ಸರಿಯಾಗಲಿ, ಅಂದೇ ಹೇಳಿಬಿಡುತ್ತೇನೆ ಎಂದುಕೊಂಡ. ಬಚ್ಚಲ ಬಾಗಿಲು ಹಾಕಿಕೊಂಡು, ಸ್ಪ್ಲಿಂಟ್ ಬಿಚ್ಚಿ, ರಬ್ಬರ್ ಚೆಂಡು ಹಿಂಡತೊಡಗಿದ. ಒಂದು ಬೆಳಿಗ್ಗೆ ಒಳಗೇನೋ ಪಟ್ಟನೆ ಹರಿದು, ಮತ್ತೆ ಆಪರೇಷನ್ ಮಾಡಬೇಕಾಯಿತು. ಮಾಡಿದ್ದುಣ್ಣೋ ಮಹರಾಯ.

"ನಿಜ ಹೇಳಿ," ಎಂದ ಈಗ. "ಮೊದಲಿನ ಹಾಗೆ ಆಗುತ್ತಾ?"

"ಇಲ್ಲ. ಬೆರಳು ಸ್ವಲ್ಪ ಮಡಚುತ್ತೆ. ಪೇಷಂಟ್‌ನ ಹಿಡಿದೆತ್ತೋ ಬಲ ಬರಲ್ಲ."

ತೆರೆದ ಬಾಗಿಲಾಚೆ ಅವನ ಕೋಣೆ ಕಾಣುತ್ತಿತ್ತು. ಅವನು ನಿಲ್ಲಲು ಕಲಿಸಿದ್ದ ಮುದುಕನನ್ನು ಬೇರೆ ಯಾರೋ ನಡೆಸುತ್ತಿದ್ದರು. ಅವನಿಗೆ ನೋಡಲಾಗಲಿಲ್ಲ.

"ಯಾಕೆ ಹಿಂಡಿದ್ರಿ?" ಅವಳು ಕೇಳಿದಳು. "ಅಷ್ಟೊಂದು ಹೇಳಿದ್ದೆ."

"ನಿಮ್ಮೆದುರು ಕೈಲಾಗದೋನ ಹಾಗೆ ಕೂರೋಕೆ ನಾಚಿಕೆ ಆಯ್ತು."

"ಇಲ್ಲಿಗೆ ಬರೋರೆಲ್ಲ ಹಾಗೇ ಕೂರ್ತಾರೆ."

"ಅವರು ಯಾರೂ ನಿಮ್ಮನ್ನ ಪ್ರೀತಿಸಲ್ಲ."

ಅವಳ ಬೆರಳು ಪಟ್ಟಿಯ ಮೇಲೆಯೇ ನಿಂತಿತು. ಕೊನೆಗೆ, ಬಂದವರನ್ನೆಲ್ಲ ಮೊದಲ ದಿನ ಕೇಳುವ, ಅವನನ್ನು ಮಾತ್ರ ಕೇಳಲು ಹಿಂಜರಿದಿದ್ದ ಪ್ರಶ್ನೆ ಕೇಳಿದಳು.

"ಈ ಕೈಯಿಂದ ನೀವು ಮೊದಲು ಮಾಡಬೇಕು ಅನ್ನಿಸೋ ಕೆಲಸ ಯಾವುದು?"

ಅವನು ತನ್ನ ರೋಗಿಗಳನ್ನು ಎಲ್ಲಿ ನೋವು, ಎಷ್ಟು ಮಡಚುತ್ತೆ ಎಂದಷ್ಟೇ ಕೇಳುತ್ತಿದ್ದ. ಇದನ್ನು ಯಾರನ್ನೂ ಕೇಳಿರಲಿಲ್ಲ. ಮಂಡಿ, ಹೆಗಲು, ಹಾಸಿಗೆಯಿಂದ ಎತ್ತುವ ದೇಹಗಳು ಎಲ್ಲ ಮನಸ್ಸಿಗೆ ಬಂದು ಹೋದವು.

"ಎರಡು ಕಪ್ ಟೀ ಮಾಡಿ, ಎರಡು ಕೈಯಲ್ಲೂ ಹಿಡ್ಕೊಂಡು ಬರಬೇಕು," ಎಂದ. "ಒಂದು ನಿಮಗೆ."

"ಈ ಕೈ ಬಿಸಿ ಕಪ್ ಹಿಡಿಯಲ್ಲ." ರೋಗಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಅವನು ತಲೆ ತಗ್ಗಿಸಿದ. ಅವಳು ಸ್ಪ್ಲಿಂಟಿನ ಪಟ್ಟಿಗಳನ್ನು ಒಂದೊಂದಾಗಿ ಕಟ್ಟಿದಳು. ಕಣ್ಣು ತುಂಬಿ ಕೊನೆಯದು ಸರಿಯಾಗಿ ಕಾಣದೆ ಎರಡು ಸಲ ಕಟ್ಟಬೇಕಾಯಿತು.

"ಎಡಗೈಲಿ ಒಂದೊಂದೇ ತನ್ನಿ," ಎಂದಳು. "ನಾನು ಕಾಯ್ತೀನಿ."