ಪಾವಿನ ಸೈಕಲ್ಲಿನ ಎಂಜಿನ್

ಜೀಪು ಇನ್ನೂರು ಮೀಟರು ಹಿಂದಿತ್ತು.

ಅಂದಾಜು ಮಾಡುವುದು ನನಗೆ ಕಷ್ಟವಾಗಲಿಲ್ಲ. ನಾನು ಸೈಕಲ್ಲಿನ ಕ್ಯಾರಿಯರ್ ಮೇಲೆ ಹಿಂದುಮುಂದಾಗಿ ಕುಳಿತಿದ್ದೆ. ಬೆನ್ನು ಮುಜಮ್ಮಿಲನ ಬೆನ್ನಿಗೆ. ಮುಖ ಪೊಲೀಸರಿಗೆ.

"ಎಷ್ಟ ದೂರ ಅದಾರ್ರಿ ಕಾಕಾ?"

"ತುಳಿ."

"ಹೇಳ್ರಿ ಅಂದ್ರ..."

"ಹೇಳಿದ್ರ ತುಳಿಯೂದು ಬಿಟ್ಟು ತಿರುಗಿ ನೋಡ್ತಿ. ತುಳಿ."

ಲೆಕ್ಕ ಸರಳವಾಗಿತ್ತು. ನಾವು ಸೆಕೆಂಡಿಗೆ ಐದು ಮೀಟರು. ರಸ್ತೆಯ ಗುಂಡಿಗಳ ದಯೆಯಿಂದ ಜೀಪು ಹತ್ತೇ ಮೀಟರು. ನಮ್ಮನ್ನು ಮುಟ್ಟಲು ಅವರಿಗೆ ನಲವತ್ತು ಸೆಕೆಂಡು ಬೇಕು. ಮುಂದೆ ನೂರ ಎಂಬತ್ತು ಮೀಟರಿನಲ್ಲಿ ಒಂದು ಕಾಲುಸೇತುವೆ. ಅದರ ಆಚೆ ಗದ್ದೆಯ ಬದು. ಅಲ್ಲಿ ಸೈಕಲ್ ಹೋಗುತ್ತದೆ, ಜೀಪು ಹೋಗುವುದಿಲ್ಲ. ನಮಗೆ ಬೇಕಾದದ್ದು ಮೂವತ್ತಾರು ಸೆಕೆಂಡು.

ನಾಲ್ಕು ಸೆಕೆಂಡು ಉಳಿತಾಯ. ಆ ಬಿಡುವಿನಲ್ಲಿ ನಾನು ಚಪ್ಪಲಿ ಸರಿಪಡಿಸಿಕೊಂಡೆ.

ಜೀಪಿನ ಮೈಕು ಗರ್ಜಿಸಿತು. "ಏ ಡಬಲ್ ಸೀಟ್... ಡಬಲ್ ಸೀಟ್ ರುಕೋ!"

ನನ್ನ ಅಂಗಿಯ ಜೇಬಿನಲ್ಲಿ ನಾಲ್ಕು ಬೆರಳಗಲದ ಒಂದು ಚೀಟಿ ಇತ್ತು. ಅವರಿಗೆ ಬೇಕಾದದ್ದು ಅದು. ನಾವಲ್ಲ.

ಮೊದಲಿನಿಂದ ಹೇಳುತ್ತೇನೆ. ಉದ್ದ ಮಾಡುವುದಿಲ್ಲ.

ನನ್ನ ಹೆಸರು ತಿಪ್ಪಣ್ಣ. ಗೋವೆಯ ವೆರ್ಣಾದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಟೈಮ್‌ಕೀಪರ್ ಆಗಿದ್ದೆ. ಈಗ ಇಲ್ಲಿರುವ ನಮ್ಮ ಕಡೆಯ ಜನರ ಕೆಲಸ ಮಾಡಿಸಿಕೊಡುತ್ತೇನೆ. ಪೊಲೀಸ್, ಪಂಚಾಯತಿ, ಕರೆಂಟು. ಬೈಯುವುದಿಲ್ಲ. ಕೈ ಎತ್ತುವುದಿಲ್ಲ. ಪ್ರಶ್ನೆ ಕೇಳುತ್ತೇನೆ. ನನ್ನನ್ನು ಕಂಡರೆ ಕೆಲವು ಕಚೇರಿಗಳಲ್ಲಿ ಹನ್ನೊಂದು ಗಂಟೆಗೇ ಊಟದ ವೇಳೆ ಆಗುತ್ತದೆ.

ಮುಜಮ್ಮಿಲ ಸಿಂದಗಿಯವನು. ವಯಸ್ಸು ಮೂವತ್ತಾರು. ಸೈಕಲ್ ಮೇಲೆ ಮನೆಮನೆಗೆ ಬೇಕರಿಯ ಪಾವು ಮಾರುತ್ತಾನೆ. ರಬ್ಬರಿನ ಹಾರ್ನು ಎರಡು ಸಲ ಒತ್ತಿದರೆ ನೂರ ನಲವತ್ತು ಮನೆಗಳ ಬಾಗಿಲು ತೆರೆಯುತ್ತವೆ. ಆ ಮನೆಗಳ ಸಾಲಿಗೆ ಅವರು ಲೈನು ಎನ್ನುತ್ತಾರೆ. ಹನ್ನೊಂದು ವರ್ಷ ತುಳಿದು ಕಟ್ಟಿದ ಲೈನು. ಅದು ಹೋದರೆ ಅವನಿಗೆ ಗೋವೆಯಲ್ಲಿ ಬೇರೇನೂ ಇಲ್ಲ.

ಬೇಕರಿ ಲಾಲಬಿಯದು. ದಿನಕ್ಕೆ ಎರಡು ಭಟ್ಟಿ, ನಸುಕಿನಲ್ಲಿ ಒಂದು, ಮಧ್ಯಾಹ್ನ ಮೂರಕ್ಕೆ ಇನ್ನೊಂದು. ಆಕೆಯ ಕಾನೂನು ಒಂದೇ. ಭಟ್ಟಿ ತೆರೆದಾಗ ಬಾಗಿಲಲ್ಲಿ ಯಾರ ಸೈಕಲ್ ಇಲ್ಲವೋ ಅವನ ಲೈನು ಬೇರೆಯವರಿಗೆ. ಬೇರೆಯವರು ಎಂದರೆ ಆಕೆಯ ತಂಗಿಯ ಮಗ ರಫೀಕ. ಅವನು ಒಂದು ವರ್ಷದಿಂದ ಹೊಸ ಬುಟ್ಟಿ ಕಟ್ಟಿಕೊಂಡು ಕಾಯುತ್ತಿದ್ದ.

ಆ ದಿನ ಬೆಳಿಗ್ಗೆ ಏಳೂ ಹತ್ತಕ್ಕೆ ಮುಜಮ್ಮಿಲ ಖಾಲಿ ಬುಟ್ಟಿಯೊಂದಿಗೆ ಹಿಂದಿರುಗುತ್ತಿದ್ದ. ಪೊಲೀಸ್ ನಾಕಾದಲ್ಲಿ ಹವಾಲ್ದಾರ ಸುನಿಲ ಕೈ ಅಡ್ಡ ಹಿಡಿದ. ಯಾವ ಠಾಣೆ ಎಂದು ನಾನು ಹೇಳುವುದಿಲ್ಲ. ಸುನಿಲನ ತಾಯಿ ಖಾನಾಪುರದವಳು. ಅದರಿಂದ ಅವನು ನಮ್ಮವರನ್ನು ಕನ್ನಡದಲ್ಲಿಯೇ ಹಿಡಿಯುತ್ತಾನೆ.

ಅವನ ಕೈಯಲ್ಲಿ ಚಲನ್ ಮಶೀನು. ಆ ವಾರ ಅವನಿಗೆ ಇಪ್ಪತ್ತೈದು ಚಲನ್ ಆಗಬೇಕಿತ್ತು. ಇಪ್ಪತ್ತನಾಲ್ಕು ಆಗಿದ್ದವು.

ಸೈಕಲ್ಲಿಗೆ ಚಲನ್ ಹಾಕಲು ಆ ಮಶೀನಿಗೆ ಬರುವುದಿಲ್ಲ. ಅದು ಮೊದಲು ಗಾಡಿಯ ನಂಬರು ಕೇಳುತ್ತದೆ. ಸೈಕಲ್ಲಿಗೆ ನಂಬರು ಎಲ್ಲಿಂದ ಬರಬೇಕು?

ಮುಜಮ್ಮಿಲನ ಸೈಕಲ್ಲಿಗೆ ಇತ್ತು.

ಮೂರು ವರ್ಷದ ಹಿಂದೆ ಅವನು ಊರಿನಲ್ಲಿ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ಗುಜರಿಗೆ ಹಾಕಿದ್ದ. ನಂಬರ್ ಪ್ಲೇಟನ್ನು ಮಾತ್ರ ಬಿಚ್ಚಿ ತಂದು, ಚಕ್ರದ ಕೆಸರು ಪಾವಿಗೆ ಹಾರದಂತೆ ಬುಟ್ಟಿಯ ಹಿಂದೆ ತಂತಿಯಿಂದ ಬಿಗಿದಿದ್ದ. ಯಾಕೆಂದು ಕೇಳಿದೆ.

"ಚಲೋ ತಗಡ ಇತ್ರಿ ಕಾಕಾ. ಒಗಿಯಾಕ ಮನಸ ಬರಲಿಲ್ಲ."

ಸುನಿಲ ಆ ನಂಬರನ್ನು ಒತ್ತಿದ. ಮಶೀನು ಸಂತೋಷದಿಂದ ಒಪ್ಪಿತು. ಹೆಲ್ಮೆಟ್ ಇಲ್ಲ. ವಿಮೆ ಇಲ್ಲ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇಲ್ಲ. ಗಾಡಿ ಜಪ್ತಿ. ಚೀಟಿ ಹೊರಬಂತು. ಸುನಿಲ ಸಹಿ ಮಾಡಿ ಠಾಣೆಯ ಮುದ್ರೆ ಒತ್ತಿ ಕೊಟ್ಟ.

ಠಾಣೆಯ ಮುಂದೆ ಬೇಡಿ ಬೇಡಿ ಸೋತು ಮುಜಮ್ಮಿಲ ನನ್ನ ಬಾಗಿಲಿಗೆ ಬಂದಾಗ ಹನ್ನೊಂದೂವರೆ. ಹನ್ನೆರಡಕ್ಕೆ ಇಬ್ಬರೂ ಠಾಣೆಯಲ್ಲಿದ್ದೆವು. ಸೈಕಲ್ ಅಂಗಳದಲ್ಲಿ ಬಿದ್ದಿತ್ತು. ಎರಡೂ ಚಕ್ರದ ಗಾಳಿ ಬಿಟ್ಟಿದ್ದರು.

"ಹವಾಲ್ದಾರ್ ಸಾಹೇಬ್ರ, ಸೈಕಲ್ ಮೋಟಾರ್ ಗಾಡಿ ಅಲ್ರಿ," ಎಂದೆ. "ಆ ಕಾಯ್ದಾ ಇದಕ್ಕ ಹತ್ತೂದಿಲ್ಲ. ಹೆಲ್ಮೆಟ್ ಯಾವ ಕಲಮಿನ್ಯಾಗ ಕೇಳಿದ್ರಿ?"

"ಮಶೀನ್ ತಗೊಂಡೈತಿ. ಮಶೀನ್ ತಗೊಂಡ ಮ್ಯಾಲ ಅದು ಮೋಟಾರನ."

"ಕಣ್ಣಿಲೆ ನೋಡ್ರಿ. ಪೆಡಲ್ ಅದಾವ."

"ಮುದುಕಾ, ಭಾಳ ಕಾಯ್ದಾ ಹೇಳಬ್ಯಾಡ. ಆರ್‌ಸಿ ತಾ. ವಿಮಾ ತಾ. ಇಲ್ಲಾಂದ್ರ ಕೋರ್ಟಿಗೆ ಹೋಗು, ಎರಡ ತಿಂಗಳ ಬಿಟ್ಟ ಬಾ." ಅವನು ಮುಜಮ್ಮಿಲನ ಕಡೆ ಬೆರಳು ತೋರಿಸಿದ. "ಅಲ್ಲಲೇ, ಇದರ ಎಂಜಿನ್ ಎಲ್ಲಿ ಮಾರಿದಿ? ಕಳವಿನ ಕೇಸ್ ಹಾಕ್ಲೇನು?"

ಮುಜಮ್ಮಿಲನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು.

ನನ್ನ ಮುಖ ಬದಲಾಗಲಿಲ್ಲ. ಆದರೆ ತಲೆಯಲ್ಲಿ ಏನೋ ಟಕ್ ಎಂದಿತು. ಚೀಟಿಯನ್ನು ಬಿಡಿಸಿ ಇನ್ನೊಮ್ಮೆ ಓದಿದೆ. 'ವಾಹನ: ಮೋಟಾರ್ ಸೈಕಲ್. ಸ್ಥಿತಿ: ಸಂಪೂರ್ಣ, ಚಾಲೂ.' ಜಪ್ತಿಯಾದ ಪ್ರತಿ ಗಾಡಿಗೂ ಮಶೀನು ತಾನಾಗಿಯೇ ಮುದ್ರಿಸುವ ಸಾಲು ಅದು. ಅದನ್ನು ಯಾರೂ ಓದುವುದಿಲ್ಲ.

"ಉಪಕಾರ ಆತ್ರಿ ಸಾಹೇಬ್ರ," ಎಂದೆ. ಹೊರಗೆ ಬಂದೆ.

"ಇಷ್ಟ ಏನ್ರಿ ಕಾಕಾ?" ಮುಜಮ್ಮಿಲ ಅಳುವ ಧ್ವನಿಯಲ್ಲಿ ಕೇಳಿದ.

"ಇನ್ನ ಮ್ಯಾಲ ಅದು ಸೈಕಲ್ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ನಡಿ."

ಡಿವೈಎಸ್ಪಿ ಕಚೇರಿಯಲ್ಲಿ ಅರ್ಜಿ ಪಡೆಯುವ ಆವಕ ಶಾಖೆ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮುಚ್ಚುತ್ತದೆ. ಚೀಟಿಯ ಫೋಟೋವನ್ನು ಅಲ್ಲಿ ಒಪ್ಪುವುದಿಲ್ಲ. ಅಸಲನ್ನು ತೋರಿಸಿಯೇ ಅರ್ಜಿಗೆ ನಂಬರು ಪಡೆಯಬೇಕು. ರಸ್ತೆಯ ಆಚೆಯ ಕಾರ್ಖಾನೆಯ ವಾಚ್‌ಮನ್ ಸೋಮಲಪ್ಪನಿಂದ ಸೈಕಲ್ ಎರವಲು ಪಡೆದೆವು. ಅವನ ಗೇಟಿನಲ್ಲಿ ಕುಳಿತು ಅರ್ಜಿ ಬರೆದೆ. ಹನ್ನೊಂದು ಸಾಲು.

ಸುನಿಲ ಮಂದ, ದಡ್ಡನಲ್ಲ. ನಾವು ಹೊರಟ ಕೂಡಲೇ ಠಾಣೆಯಲ್ಲಿದ್ದ ಚೀಟಿಯ ಪ್ರತಿಯನ್ನು ಅವನೂ ಓದಿರಬೇಕು.

ಜೀಪು ಹೊರಬಿತ್ತು.

ಕಾಲುಸೇತುವೆಗೆ ನಾವು ತಲುಪಿದಾಗ ಅದು ಇಪ್ಪತ್ತು ಮೀಟರು ಹಿಂದಿತ್ತು. ನನ್ನ ಲೆಕ್ಕಕ್ಕೂ ಅದಕ್ಕೂ ಒಂದು ಅಡಿಯ ವ್ಯತ್ಯಾಸವಿರಲಿಲ್ಲ. ಸೇತುವೆಯ ಕಂಬಗಳ ನಡುವೆ ಸೈಕಲ್ ನುಸುಳಿತು. ಜೀಪು ಬ್ರೇಕು ಹಾಕಿ ಕಿರುಚಿತು. ಸುನಿಲ ಜಿಗಿದಿಳಿದು ಓಡತೊಡಗಿದ.

ಬದು ಕೆಸರಾಗಿತ್ತು. ಸೈಕಲ್ಲಿನ ವೇಗ ಇಳಿಯಿತು. ಸೆಕೆಂಡಿಗೆ ಮೂರು ಮೀಟರು. ಸುನಿಲನದೂ ಮೂರೇ. ವೇಗ ಸಮ. ನಾವು ಬದುವಿಗೆ ಇಳಿಯುವಷ್ಟರಲ್ಲಿ ಅಂತರ ಎರಡು ಮಾರಿಗೆ ಬಂದಿತ್ತು, ಈಗ ಸ್ಥಿರ. ಸಂಭಾಷಣೆಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

"ಚೀಟಿ... ಕೊಡು," ಅವನು ಏದುಸಿರು ಬಿಟ್ಟ.

"ಎಂಜಿನ್ ಕೊಡ್ರಿ."

"ಯಾವ... ಎಂಜಿನ್?"

"ಬೆಳಿಗ್ಗೆ ನೀವ ಇಸಗೊಂಡದ್ದು. ಸಂಪೂರ್ಣ, ಚಾಲೂ."

"ಅದು... ಸೈಕಲ್ ಐತೋ..."

"ಛೇ. ಮಶೀನ್ ಸುಳ್ಳ ಹೇಳ್ತೈತೇನ್ರಿ?"

ಮುಜಮ್ಮಿಲನ ಬೆನ್ನು ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಸೈಕಲ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಸುನಿಲ ಕೈ ಚಾಚಿದ. ಅವನ ಬೆರಳು ನನ್ನ ಜೇಬಿನ ಗುಂಡಿಗೆ ತಾಗಿತು... ಆಗ ಅವನ ಬಲಗಾಲಿನ ಬೂಟು ಕೆಸರಿನಲ್ಲಿಯೇ ಉಳಿಯಿತು. ಅವನು ಒಂದು ಬೂಟಿನಲ್ಲಿ ಹತ್ತು ಹೆಜ್ಜೆ ಓಡಿದ. ನಂತರ ಸರ್ಕಾರದ ಆಸ್ತಿಗಾಗಿ ಹಿಂದಿರುಗಿದ. ಅಲ್ಲಿ ಅವನ ಬಗ್ಗೆ ನನಗೆ ಸ್ವಲ್ಪ ಗೌರವ ಹುಟ್ಟಿತು.

ಹನ್ನೆರಡು ಐವತ್ತೆಂಟಕ್ಕೆ ಆವಕ ಶಾಖೆಯ ಜಮುನಾಬಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

"ಊಟ ಆದ ಮ್ಯಾಲ ಬರ್ರಿ ತಿಪ್ಪಣ್ಣಾ."

"ಇನ್ನ ಎರಡ ನಿಮಿಷ ಐತ್ರಿ ಬಾಯಿ. ಮುದ್ರಿ ಹೊಡಿಯಾಕ ಒಂದ ಸೆಕೆಂಡ್ ಸಾಕು. ನೂರಾ ಹತ್ತೊಂಬತ್ತ ನಿಮಗ ಉಳೀತಾವ."

ಅವರು ಅರ್ಜಿ ಓದಿದರು. ಚೀಟಿ ಓದಿದರು. ಇನ್ನೊಮ್ಮೆ ಅರ್ಜಿ ಓದಿದರು. ಡಬ್ಬಿಯ ಮುಚ್ಚಳ ಮುಚ್ಚಿದರು. ಮುದ್ರೆ ಹೊಡೆದು, ಆ ಅರ್ಜಿಯನ್ನು ತಾವೇ ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ನಡೆದರು.

ಎರಡೂ ಹತ್ತಕ್ಕೆ ನಾವು ಮತ್ತೆ ಠಾಣೆಯಲ್ಲಿದ್ದೆವು. ಈ ಸಲ ನಮ್ಮನ್ನು ಕರೆಸಿದ್ದರು. ಇನ್ಸ್‌ಪೆಕ್ಟರ್ ಹೆಂಗಸು. ಚುರುಕು ಕಣ್ಣು. ಮಾತು ಹಿಂದಿಯಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಹೇಳುತ್ತೇನೆ.

"ನಿಮಗೇನು ಬೇಕು?"

"ಎಂಜಿನ್."

"ಏನು?"

"ಬೆಳಿಗ್ಗೆ ಏಳೂ ಹತ್ತಕ್ಕೆ ಒಂದು ಸಂಪೂರ್ಣ ಮೋಟಾರ್ ಸೈಕಲ್ ನಿಮ್ಮ ವಶಕ್ಕೆ ಬಂದಿದೆ. ಸಹಿ ಇದೆ, ಮುದ್ರೆ ಇದೆ. ಈಗ ಅಂಗಳದಲ್ಲಿ ನೋಡಿದೆ. ಎಂಜಿನ್ ಇಲ್ಲ. ಟ್ಯಾಂಕ್ ಇಲ್ಲ. ಸೈಲೆನ್ಸರ್ ಇಲ್ಲ. ಪೊಲೀಸ್ ಠಾಣೆಯ ಅಂಗಳದಿಂದ ಏಳು ಗಂಟೆಯಲ್ಲಿ ಇಷ್ಟು ಬಿಚ್ಚಿಕೊಂಡು ಹೋಗಿದ್ದಾರೆ, ಮೇಡಂ. ಕಳ್ಳರು ನುರಿತವರು."

ಸುನಿಲ ಮೂಲೆಯಲ್ಲಿ ನಿಂತಿದ್ದ. ಪ್ಯಾಂಟು ಮೊಣಕಾಲಿನವರೆಗೆ ಕೆಸರು. "ಮೇಡಂ, ಅದು ಸೈಕಲ್. ಬರೀ ಸೈಕಲ್."

"ಹಾಗಾದರೆ ಹೊಗೆ ಸರ್ಟಿಫಿಕೇಟ್ ಯಾರಿಗೆ ಕೇಳಿದೆ?" ಎಂದರು ಇನ್ಸ್‌ಪೆಕ್ಟರ್. "ಪೆಡಲ್ ತುಳಿಯುವವನಿಗೋ?"

ಸುನಿಲ ಬೂಟು ನೋಡಿಕೊಂಡ.

ಅವರು ನನ್ನ ಕಡೆ ತಿರುಗಿದರು. "ನೋಡಿ. ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿ ಬೇಕಿಲ್ಲ. ವಿಮೆ ಬೇಕಿಲ್ಲ. ಆ ಕಾಯಿದೆಯ ಹೆಲ್ಮೆಟ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ನಿಮಗೇ ಗೊತ್ತಿದೆ."

ಮಧ್ಯಾಹ್ನ ನಾನು ಹೇಳಿದ್ದೂ ಇದನ್ನೇ. ನನ್ನ ಬಾಯಿಯಲ್ಲಿ ಅದು ಉದ್ಧಟತನವಾಗಿತ್ತು. ಅವರ ಬಾಯಿಯಲ್ಲಿ ಕಾನೂನಾಯಿತು.

"ನನಗೆ ಗೊತ್ತಿದ್ದರೆ ಸಾಲದು, ಮೇಡಂ. ಬರೆದು ಕೊಡಿ. ಇಲ್ಲವಾದರೆ ಎಂಜಿನ್ ಕೊಡಿ."

ಅವರು ಪೆನ್ನು ಎತ್ತಿಕೊಂಡರು. ತುಟಿಯ ಒಂದು ಅಂಚು ಮೇಲೆ ಹೋಯಿತು. ನಂತರ ಬರೆದರು. ಚಲನ್ ರದ್ದು. ಸೈಕಲ್ ಬಿಡುಗಡೆ. ಕೆಳಗೆ ಸಹಿ.

"ಆ ಪ್ಲೇಟು ಈಗಲೇ ಬಿಚ್ಚಬೇಕು," ಎಂದರು.

"ನ್ಯಾಯ," ಎಂದೆ. ಮುಜಮ್ಮಿಲ ಅಲ್ಲಿಯೇ ಬಿಚ್ಚಿ ಅವರ ಮೇಜಿನ ಮೇಲಿಟ್ಟ.

"ಸುನಿಲ, ಗಾಳಿ ತುಂಬು."

ಠಾಣೆಯಲ್ಲಿದ್ದುದು ಕೈಪಂಪು. ಮುಂದಿನ ಚಕ್ರಕ್ಕೆ ಅರವತ್ತೆರಡು ಸಲ ಒತ್ತಿದ. ಹಿಂದಿನದಕ್ಕೆ ಎಪ್ಪತ್ತೊಂದು. ಕಾನ್‌ಸ್ಟೇಬಲ್‌ಗಳು ಕಿಟಕಿಗೆ ಬಂದು ಎಣಿಸಿದರು. ನಾನು ಎಣಿಸುವುದನ್ನು ಬಿಟ್ಟು ಗಡಿಯಾರ ನೋಡುತ್ತಿದ್ದೆ. ಎರಡು ನಲವತ್ತೆರಡು.

ಬೇಕರಿಗೆ ಆರು ಕಿಲೋಮೀಟರು. ಮುಜಮ್ಮಿಲನ ವೇಗ ಗಂಟೆಗೆ ಹದಿನೆಂಟು. ಇಪ್ಪತ್ತು ನಿಮಿಷ. ಅಂದರೆ ಮೂರು ಗಂಟೆ ಎರಡು ನಿಮಿಷ.

ಎರಡು ನಿಮಿಷ ತಡ. ಕಾನೂನಿನಲ್ಲಿ ಗೆದ್ದೆವು. ಲೆಕ್ಕದಲ್ಲಿ ಸೋತೆವು.

ಅವನಿಗೆ ಅದನ್ನು ಹೇಳಲಿಲ್ಲ. "ಹೋಗು," ಎಂದೆ. ಅವನು ಹಾರಿ ಕುಳಿತು ಹೋದ.

"ಏ... ಏ ಸಹಿ!" ಸುನಿಲ ಒಂದು ಹಾಳೆ ಹಿಡಿದು ಅಂಗಳಕ್ಕೆ ಓಡಿಬಂದ. ಗಾಡಿ ಮರಳಿ ಸಿಕ್ಕಿತೆಂದು ಮಾಲೀಕ ಸಹಿ ಮಾಡಬೇಕು. ಮುಜಮ್ಮಿಲ ಮಾಡಿರಲಿಲ್ಲ. "ಮುದುಕಾ... ಕಾಕಾ, ಆಂವ ಸಹಿ ಮಾಡಲಿಲ್ಲಂದ್ರ ಮೇಡಂ ನನ್ನ ಚರ್ಮಾ ಸುಲೀತಾರ. ಜೀಪ್ ಹತ್ರಿ."

ಹತ್ತಿದೆ. ಮೊದಲ ತಿರುವಿನಲ್ಲಿಯೇ ಮುಜಮ್ಮಿಲ ಕಂಡ. ಸುನಿಲ ಮೈಕು ಹಿಡಿದ. "ಏ ಪಾವ್‌ವಾಲಾ... ನಿಲ್ಲೋ..."

ಮುಜಮ್ಮಿಲ ತಿರುಗಿ ನೋಡಿದ. ಅದೇ ಜೀಪು. ಅದೇ ಹವಾಲ್ದಾರ. ಅವನ ಕಾಲುಗಳು ಮಾಯವಾದವು.

"ಇನ್ನೊಮ್ಮೆ ಕೂಗ್ರಿ," ಎಂದೆ.

"ನಿಲ್ಲೋ ಲೇ!"

ವೇಗ ಇಪ್ಪತ್ತು. ಜೀಪಿನ ಮೀಟರಿನ ಮುಳ್ಳಿನಲ್ಲಿ ನೋಡುತ್ತಿದ್ದೆ. ಊರಿನ ರಸ್ತೆ ಕಿರಿದು. ಎಡಬದಿಯಲ್ಲಿ ಅವನು, ಬಲಬದಿಯಲ್ಲಿ ಎದುರಿನ ಬಸ್ಸುಗಳು. ಡ್ರೈವರು ಮುಂದೆ ನುಗ್ಗಲು ನೋಡಿದ.

"ಸೈಕಲ್ಲಿಗೂ ರಸ್ತಾದ ಹಕ್ಕ ಐತಿ," ಎಂದೆ. "ಹಿಂದನ ಇರ್ರಿ. ಇನ್ನೊಮ್ಮೆ ಕೂಗ್ರಿ."

ವೇಗ ಇಪ್ಪತ್ತೆರಡು. ಚರ್ಚಿನ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಹನ್ನೊಂದು ವರ್ಷದಲ್ಲಿ ಯಾವ ಪಾವ್‌ವಾಲಾನೂ ಪೊಲೀಸ್ ಬೆಂಗಾವಲಿನಲ್ಲಿ ಆ ರಸ್ತೆಯಲ್ಲಿ ಹೋಗಿರಲಿಲ್ಲ. ಒಬ್ಬ ಮುದುಕ ಟೊಪ್ಪಿಗೆ ತೆಗೆದ.

ಎರಡು ಐವತ್ತೊಂಬತ್ತಕ್ಕೆ ಸೈಕಲ್ ಲಾಲಬಿಯ ಬಾಗಿಲಿಗೆ ತಾಗಿ ನಿಂತಿತು. ಹೆದರಿಕೆಯಿಂದ ಮೂರು ನಿಮಿಷ ಗಳಿಸಿದ್ದ. ರಫೀಕ ಆಗಲೇ ಹೊಸ ಬುಟ್ಟಿಗೆ ಬಟ್ಟೆ ಹಾಸುತ್ತಿದ್ದ.

ಲಾಲಬಿ ಗಡಿಯಾರ ನೋಡಿದಳು. ಜೀಪು ನೋಡಿದಳು. ಮುಜಮ್ಮಿಲನನ್ನು ನೋಡಿದಳು. ಅವನು ನೆಲದ ಮೇಲೆ ಚಾಚಿಕೊಂಡಿದ್ದ.

"ರಫೀಕಾ, ಬುಟ್ಟಿ ಅರಿವಿ ಮಡಚಿ ಇಡು," ಎಂದಳು. "ಮುಜಮ್ಮಿಲಾ, ಎದ್ದೇಳು. ಪಾವ್ ಬರಾಕತ್ತಾವ."

ಭಟ್ಟಿಯ ಬಾಗಿಲು ತೆರೆಯಿತು.

ಸುನಿಲ ಹಾಳೆ ಚಾಚಿದ. ಮುಜಮ್ಮಿಲ ಮುಟ್ಟಲಿಲ್ಲ. "ಮೊದಲ ಕಾಕಾ ಓದಲಿ," ಎಂದ. ಒಂದೇ ದಿನದಲ್ಲಿ ಮನುಷ್ಯ ಇಷ್ಟು ಕಲಿಯಬಲ್ಲ.

ಓದಿದೆ. 'ವಾಹನ: ಸೈಕಲ್. ಸ್ಥಿತಿ: ಸಂಪೂರ್ಣ.'

"ಇದ ತಪ್ಪ ಐತಿ," ಎಂದೆ.

ಸುನಿಲ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತ. "ಇನ್ನೇನ್ ಕಡಿಮಿ ಐತ್ರಿ ಕಾಕಾ?"

"ಕಡಿಮಿ ಇಲ್ಲ. ಹೆಚ್ಚ ಐತಿ. ನಮ್ಮ ಗಾಳಿ ನೀವ ಬಿಟ್ರಿ. ಈಗ ಟ್ಯೂಬಿನ್ಯಾಗ ಇರೂದು ಸರ್ಕಾರದ್ದು."

ಅದನ್ನು ಮರಳಿ ಕೇಳುವುದಿಲ್ಲವೆಂದು ಅವನ ಕೈಯಿಂದಲೇ ಬರೆಸಿಕೊಂಡ ಮೇಲೆ, ಮುಜಮ್ಮಿಲನಿಗೆ ಪೆನ್ನು ಕೊಟ್ಟೆ.