ಟ್ರೇಗೆ ಒಂದೊಂದು

ಕೊಕ್ಕೆಯ ಬಾಯಿ ತೆರೆದಿತ್ತು.

ಪೊಲೀಸರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೋರಿಸಿದರು. ನನ್ನ ಗಂಡ ಹನ್ನೊಂದನೇ ಮಹಡಿಯ ಹೊರಗೆ ಹಗ್ಗದ ಆಸರೆಯಲ್ಲಿ ನಿಂತು ಗಾಜು ಒರೆಸುತ್ತಿದ್ದರು. ಸೊಂಟದ ಪಟ್ಟಿಯನ್ನು ಹಗ್ಗಕ್ಕೆ ಸೇರಿಸುವ ಕೊಕ್ಕೆ ಅದು. ಕಾಲು ಜಾರಿದಾಗ ಹಿಡಿಯಬೇಕಾದದ್ದು. ಉಕ್ಕು ಬಾಗಿ ಬಾಯಿ ಬಿಟ್ಟಿತ್ತು. ಬೆನ್ನ ಮೇಲೆ ಕೊರೆದ ಸಂಖ್ಯೆ 418.

ಕೊಕ್ಕೆ ಮಾಡಿದ ಕಾರ್ಖಾನೆಯಿಂದ ಕಾಗದ ಬಂತು. ಈ ಲಾಟಿನಲ್ಲಿ ಎಂಟುನೂರು ಕೊಕ್ಕೆಗಳು. ಚೀಟಿ ಎತ್ತಿ ಮೂವತ್ತೆರಡನ್ನು ಆರಿಸಿ, ಮುರಿಯುವವರೆಗೆ ಎಳೆದು ಪರೀಕ್ಷಿಸಿದ್ದೇವೆ. ಮೂವತ್ತೆರಡೂ ಪಾಸು. ಆದ್ದರಿಂದ ಕೆಲಸಗಾರನೇ ಕೊಕ್ಕೆಯನ್ನು ಸರಿಯಾಗಿ ಹಾಕಿಕೊಂಡಿರಲಿಲ್ಲ.

ತಪ್ಪು ಸತ್ತವರದು! ಕಾಗದ ಬಂದು ತಿಂಗಳಾಗಿತ್ತು; ಮಾರನೆಯ ದಿನ ವಿಚಾರಣೆ. ಅಲ್ಲಿ ಈ ಮಾತು ದಾಖಲಾದರೆ ಮತ್ತೆ ಅಳಿಸಲಾಗದು.

ಕಾಗದದ ಕೆಳಗೆ ಪರೀಕ್ಷಕನ ಸಹಿ. ಒಂದು ತಿಂಗಳಿಂದ ಅದನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲಷ್ಟು ನೋಡಿದ್ದೆ.

"ಇವನನ್ನ ಬಿಡಲ್ಲ ಅತ್ತಿಗೆ."

ಅತ್ತಿಗೆ ನನ್ನ ಗಂಡನ ಅಕ್ಕ. ಬೀಜ ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತು ವರ್ಷದಿಂದ ಮೂಟೆಗೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರೆ. ಮೇಲೆ ಗಟ್ಟಿ ಬೀಜ, ತಳದಲ್ಲಿ ಜೊಳ್ಳು ತುಂಬಿ ತಂದವರನ್ನು ಎಷ್ಟೋ ಸಲ ಹಿಡಿದಿದ್ದಾರೆ.

"ಬಿಡೋದು ಬೇಡ. ಆದ್ರೆ ಮೊದಲು ಅವನದು ತಪ್ಪಿಲ್ಲ ಅಂತ ಇಟ್ಕೋ."

"ಯಾಕೆ ಇಟ್ಕೊಳ್ಳಲಿ?"

"ಇಟ್ಕೊಂಡು ತೂಗಿ ನೋಡು. ಸುಳ್ಳಾಗಿದ್ರೆ ತಾನಾಗೇ ಬೀಳುತ್ತೆ. ನಿನ್ನ ಸಿಟ್ಟು ಎಲ್ಲೂ ಓಡಿಹೋಗಲ್ಲಮ್ಮ."

ವಿಚಾರಣೆಗೆ ಮುಂಚೆ ಕುಟುಂಬದ ಇಬ್ಬರು ಕಾರ್ಖಾನೆಗೆ ಹೋಗಿ ದಾಖಲೆ ನೋಡಬಹುದಿತ್ತು. ಹೋದೆವು.

ಯಜಮಾನರು ಕುರ್ಚಿ ಹಾಕಿಸಿದರು. ಜೊತೆಗಿದ್ದವನು ಅವರ ಹೆಂಡತಿಯ ತಮ್ಮ, ಪ್ಯಾಕಿಂಗ್ ಮೇಲ್ವಿಚಾರಕ. ಕೆಲಸಗಾರರು ಅವನನ್ನು ಅರ್ಜೆಂಟಪ್ಪ ಎನ್ನುತ್ತಿದ್ದರು. ಅವನ ಬೆನ್ನಹಿಂದೆ, ಆದರೆ ಅವನಿಗೆ ಕೇಳಿಸುವಷ್ಟು ಜೋರಾಗಿ.

ಆ ಲಾಟಿನ ಇನ್ನೂರು ಕೊಕ್ಕೆಗಳು ಅಂಗಡಿಗಳಿಂದ ವಾಪಸು ಬಂದಿದ್ದವು. ಅದರಲ್ಲಿ ನಲವತ್ತನ್ನು ಎಳೆಸಬೇಕೆಂದರು ಅತ್ತಿಗೆ.

"ಮೇಲಿನ ಡಬ್ಬಿಗಳಿಂದ ತೊಗೊಳ್ಳಿ ಮೇಡಂ, ಸುಲಭ," ಎಂದ ಅರ್ಜೆಂಟಪ್ಪ.

"ಸುಲಭಕ್ಕೆ ಸಿಕ್ಕಿದ್ದನ್ನ ನಾನು ಮುಟ್ಟೋದೇ ಇಲ್ಲ."

ಅತ್ತಿಗೆ ಇನ್ನೂರು ಚೀಟಿ ಬರೆಸಿ, ಬಕೆಟ್ಟಿಗೆ ಹಾಕಿ ಕಲಸಿ, ನಲವತ್ತು ಎತ್ತಿದರು. ಎಳೆಯುವ ಯಂತ್ರ ಶುರುವಾಯಿತು. ತಡೆಯಬೇಕಾದ ಭಾರ ಬರುವ ಮೊದಲೇ ಬಾಯಿ ಬಿಟ್ಟವು ಐದು. ಐದು ಸಲವೂ ಟಕ್ ಎಂಬ ಸದ್ದು. ನನ್ನ ಗಂಡನಿಗೂ ಈ ಸದ್ದು ಕೇಳಿಸಿತ್ತೆ?

"ಎಂಟಕ್ಕೆ ಒಂದು ಕೆಟ್ಟದ್ದು," ಎಂದರು ಅತ್ತಿಗೆ.

ಯಜಮಾನರು ಬಾಯಿ ಬಿಟ್ಟ ಕೊಕ್ಕೆಯೊಂದನ್ನು ಎತ್ತಿ ನೋಡಿದರು. "ಆದ್ರೂ ಆವತ್ತು ನಮ್ಮ ಕೈಗೆ ಒಳ್ಳೇವೇ ಬಂದಿರಬಹುದಲ್ವಾ?"

"ಬಂದಿರಬಹುದು. ಇಂಥ ಲಾಟಿನಿಂದ ಮೂವತ್ತೆರಡು ಎತ್ತಿ, ಒಂದೂ ಕೆಟ್ಟದ್ದು ಸಿಗದೆ ಇರೋದು ನೂರಕ್ಕೆ ಒಂದೂವರೆ ಸಲ."

"ಅಂದ್ರೆ ಆಗೋದೇ ಇಲ್ಲ ಅಂತಲ್ಲ!"

"ಅಲ್ಲ. ಅನುಮಾನಕ್ಕೆ ಸಾಕು. ಒಬ್ಬನ ಕುತ್ತಿಗೆಗೆ ಕೈ ಹಾಕೋಕೆ ಸಾಲದು."

ನನಗೆ ಅಷ್ಟೇ ಸಾಕಾಗಿತ್ತು.

ಪರೀಕ್ಷಕನನ್ನು ಕರೆಸಿದರು. ಮುದುಕ. ಎಲ್ಲರೂ ತಾತ ಎನ್ನುತ್ತಿದ್ದರು.

"ಇದು ನಿಮ್ಮ ಸಹಿನಾ?" ನಾನು ಕೇಳಿದೆ.

"ನಂದೇ."

"ಮೂವತ್ತೆರಡನ್ನೂ ನೀವೇ ಎಳೆದಿರಾ?"

ತಾತ ಅರ್ಜೆಂಟಪ್ಪನ ಕಡೆ ನೋಡಿದರು. "ಹೂಂ."

"ನನ್ನ ಮುಖ ನೋಡಿ ಹೇಳಿ!"

ನೋಡಲಿಲ್ಲ. ಯಂತ್ರ ಪಕ್ಕದಲ್ಲೇ ಇತ್ತು. ಸಹಿ ಹಾಕಿದ ಬೆರಳುಗಳನ್ನು ಅದರ ದವಡೆಗೆ ಕೊಟ್ಟರೆ ಎಷ್ಟು ಭಾರಕ್ಕೆ ಮುರಿಯುತ್ತವೆ ಎಂದು ಯೋಚಿಸುತ್ತಿದ್ದೆ.

ಅತ್ತಿಗೆ ಬೇರೇನೋ ಕೇಳಿದರು. "ತಾತ, ನೀವು ಚೀಟಿ ಎತ್ತೋ ಹೊತ್ತಿಗೆ ಕೊಕ್ಕೆಗಳು ಎಲ್ಲಿರ್ತವೆ?"

"ಡ್ರಮ್ಮಲ್ಲಮ್ಮ. ಒಂದರ ಪಕ್ಕ ಐನೂರು. ನಂಬರು ಹುಡುಕೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು."

"ಇವನ್ನ ಜೋಡಿಸೋದು ಯಾವಾಗ?"

"ಎಲ್ಲಾ ಆದಮೇಲೆ, ಪ್ಯಾಕಿಂಗ್ ಕೋಣೇಲಿ, ಟ್ರೇಗಳಲ್ಲಿ. ನಾನು ಆ ಕಡೆ ತಲೆ ಹಾಕಲ್ಲ, ಅಲ್ಲಿ ಅರ್ಜೆಂಟ—" ತಾತ ನಾಲಿಗೆ ಕಚ್ಚಿಕೊಂಡರು.

ಎಲ್ಲರೂ ಪ್ಯಾಕಿಂಗ್ ಕೋಣೆಗೆ ಹೋದೆವು. ಒಬ್ಬ ಹೆಂಗಸು ಕೊಕ್ಕೆಗಳನ್ನು ಟ್ರೇಗಳಲ್ಲಿ ಜೋಡಿಸುತ್ತಿದ್ದಳು. ಟ್ರೇಗೆ ಇಪ್ಪತ್ತೈದು ಗುಂಡಿ. ಸಂಖ್ಯೆಯ ಸಾಲಿನಲ್ಲೇ ಇಡಬೇಕು. ಒಂದರಿಂದ ಇಪ್ಪತ್ತೈದು ಮೊದಲ ಟ್ರೇ, ಇಪ್ಪತ್ತಾರರಿಂದ ಐವತ್ತು ಎರಡನೆಯದು. ಹೀಗೆ ಲಾಟಿಗೆ ಮೂವತ್ತೆರಡು ಟ್ರೇಗಳು.

"ಡಬ್ಬಿಗೆ ಎಷ್ಟು ಹಿಡಿಸುತ್ತಮ್ಮ?"

"ಇಪ್ಪತ್ನಾಲ್ಕು."

"ಟ್ರೇಗೆ ಒಂದೊಂದು ಉಳಿಯುತ್ತೆ ಹಾಗಾದ್ರೆ?"

"ಟ್ರೇ ತುಂಬಿದ್ರೆ ಉಳಿಯುತ್ತೆ. ಪರೀಕ್ಷೆಗೆ ಹೋದವುಗಳ ಗುಂಡಿ ಖಾಲಿ ಇರುತ್ತಲ್ಲ? ಒಂದು ಟ್ರೇಲಿ ಮೂರು ಖಾಲಿ, ಇನ್ನೊಂದ್ರಲ್ಲಿ ಒಂದೂ ಇಲ್ಲ. ನಮಗೆ ಅದೇ ತಲೆನೋವು."

ಅತ್ತಿಗೆ ಪರೀಕ್ಷೆಯ ಹಾಳೆಯನ್ನು ನನ್ನ ಕೈಗಿತ್ತರು. ಮೂವತ್ತೆರಡು ಸಂಖ್ಯೆಗಳು, ಹಿಂದುಮುಂದಾಗಿ ಬರೆದದ್ದು. "ಒಂದೊಂದು ಚೀಟಿ ಬರೆದು ಅದರದರ ಟ್ರೇಗೆ ಹಾಕ್ತಾ ಹೋಗು."

ಖಾಲಿ ಟ್ರೇಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ. 13, ಮೊದಲ ಟ್ರೇ. 66, ಮೂರನೆಯದು. 41, ಎರಡನೆಯದು. ಬಗ್ಗಿ ಬಗ್ಗಿ ಬೆನ್ನು ನೋಯಿತು. ಕೊನೆಯ ಚೀಟಿ ಹಾಕಿ ನೆಟ್ಟಗೆ ನಿಂತು ನೋಡಿದೆ.

ಪ್ರತಿ ಟ್ರೇಯಲ್ಲಿ ಒಂದು ಚೀಟಿ. ಎರಡು ಬಿದ್ದ ಟ್ರೇ ಇಲ್ಲ. ಖಾಲಿ ಟ್ರೇಯೂ ಇಲ್ಲ.

"ಎಷ್ಟು ಅಚ್ಚುಕಟ್ಟಾಗಿದೆ ಅಲ್ವಾ?" ಎಂದರು ಅತ್ತಿಗೆ, ಅರ್ಜೆಂಟಪ್ಪನಿಗೆ.

ಅವನ ಮುಖ ಅರಳಿತು. "ಮತ್ತೆ! ಎಲ್ಲಾ ಕಡೆಯಿಂದಲೂ ಸಮವಾಗಿ ತೆಗೆದಿದ್ದೀವಿ ಮೇಡಂ. ಇದಕ್ಕಿಂತ ನ್ಯಾಯ ಏನಿದೆ?"

"ತೆಗೆದಿದ್ದೀವಿ? ತಾತ ತೆಗೆಯೋ ಹೊತ್ತಿಗೆ ಟ್ರೇನೇ ಇರಲ್ಲವಲ್ಲಪ್ಪ."

ಅವನು ಯಜಮಾನರ ಕಡೆ ತಿರುಗಿದ.

"ಎಲ್ಲರೂ ಈ ಹಾಳೇಲಿ ಪಾಸಾದ ಅಂಕಿ ನೋಡಿದ್ರು. ಆರಿಸಿದ ನಂಬರುಗಳನ್ನ ಯಾರೂ ನೋಡಲಿಲ್ಲ," ಎಂದರು ಅತ್ತಿಗೆ. "ಚೀಟಿಗೆ ಸಮಪಾಲು ಮಾಡೋಕೆ ಬರಲ್ಲ. ನಿಜವಾಗಿ ಎತ್ತಿದ್ರೆ ಕೆಲವು ಟ್ರೇಗೆ ಮೂರು ಬೀಳ್ತಿತ್ತು, ಹತ್ತು ಹನ್ನೆರಡಕ್ಕೆ ಒಂದೂ ಬೀಳ್ತಿರಲಿಲ್ಲ. ಹೀಗೆ ಒಂದೊಂದೇ ಬೀಳೋದು ಲಕ್ಷ ಕೋಟಿ ಸಲ ಎತ್ತಿದ್ರೂ ಒಮ್ಮೆ ಸಿಗೋದು ಕಷ್ಟ. ತಪ್ಪಿಲ್ಲ ಅಂತ ಇಟ್ಕೊಂಡಿದ್ದು ಇಲ್ಲಿ ಬಿತ್ತು. ಇದು ಎತ್ತಿದ ಪಟ್ಟಿ ಅಲ್ಲ. ಡಬ್ಬಿಗೆ ಹಿಡಿಸದೆ ಉಳಿದವುಗಳ ಪಟ್ಟಿ. ಲಾಟು ಎಳೆಸದೇನೇ ಪ್ಯಾಕ್ ಮಾಡಿದ್ರಿ. ಉಳಿದ ಮೂವತ್ತೆರಡರ ನಂಬರನ್ನ ಹಿಂದುಮುಂದು ಮಾಡಿ ಬರೆದ್ರಿ, ಮುಂದೆ ಒಳ್ಳೊಳ್ಳೆ ಅಂಕಿ ತುಂಬಿದ್ರಿ. ಇದನ್ನ ಬರೆಯೋಕೆ ತಾತನಿಂದ ಆಗಲ್ಲ. ಟ್ರೇ ಮುಂದೆ ನಿಂತವರಿಂದ ಮಾತ್ರ ಆಗುತ್ತೆ. ಇಲ್ಲಿ ಮೇಲ್ವಿಚಾರಕರು ನೀವೇ."

ತಾತ ಅರ್ಜೆಂಟಪ್ಪನ ಕಡೆ ಬೆರಳು ಮಾಡಿದರು. "ಮಗಳ ಹೆರಿಗೆಗೆ ಒಂಬತ್ತು ದಿನ ರಜೆ ಕೇಳಿದೆ ತಾಯಿ. ಖಾಲಿ ಹಾಳೆಗೆ ಸಹಿ ಹಾಕಿ ಹೋಗು, ಆರ್ಡರು ಅರ್ಜೆಂಟು ಅಂದ್ರು. ಹಾಕಿದೆ. ವಾಪಸ್ ಬಂದಾಗ ಲಾಟು ಹೋಗಿತ್ತು."

ಒಂದು ತಿಂಗಳು ಸಾಕಿದ ದ್ವೇಷ ಒಬ್ಬನನ್ನು ಬಿಟ್ಟು ಇನ್ನೊಬ್ಬನ ಕಡೆ ತಿರುಗಿತು. ಚೂರೂ ಕಡಿಮೆಯಾಗಲಿಲ್ಲ.

"ಇದೆಲ್ಲ ಬರೀ ಲೆಕ್ಕ!" ಅರ್ಜೆಂಟಪ್ಪ ಕೂಗಿದ. "ಕೊಕ್ಕೆ ಚೆನ್ನಾಗೇ ಇತ್ತು. ಆ ಮನುಷ್ಯನಿಗೇ ಹಾಕ್ಕೊಳ್ಳೋಕೆ ಬರ್ತಿರಲಿಲ್ಲ!"

ನಾನು ಹೊರಗೆ ಹೋದೆ. ಉಳಿದ ನೂರ ಅರವತ್ತು ಕೊಕ್ಕೆಗಳ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದು ಅವನ ಕಾಲ ಬಳಿ ನಿಲ್ಲಿಸಿದೆ.

"ನಿಮಗೆ ಬರುತ್ತಲ್ಲ? ಒಂದು ಆರಿಸಿ. ಇಷ್ಟ ಬಂದದ್ದು. ಮೇಲೆ ಕಬ್ಬಿಣದ ತೊಲೆ ಇದೆ, ಅಲ್ಲಿ ಏಣಿ ಇದೆ. ಹತ್ತಿ, ಸರಿಯಾಗಿ ಹಾಕ್ಕೊಳ್ಳಿ. ಆಮೇಲೆ ಒಂದು ಸಲ ಕಾಲು ಜಾರಿಸಿ."

"ಏನಮ್ಮ ಇದು!" ಎಂದರು ಯಜಮಾನರು.

"ಎಂಟರಲ್ಲಿ ಏಳು ಸಲ ಏನೂ ಆಗಲ್ಲ," ಎಂದೆ.

ಅತ್ತಿಗೆ ನನ್ನನ್ನು ತಡೆಯಲಿಲ್ಲ. ಯಂತ್ರದ ಕಡೆಯವರೂ ಬಾಗಿಲಲ್ಲಿ ಬಂದು ನಿಂತಿದ್ದರು. ಯಾರೂ ನಗಲಿಲ್ಲ. ಅರ್ಜೆಂಟಪ್ಪ ಪೆಟ್ಟಿಗೆಯನ್ನು ನೋಡಿದ. ಮೇಲೆ ತೊಲೆಯನ್ನು ನೋಡಿದ. ಅವನ ಕೈಗಳು ಪ್ಯಾಂಟಿನ ಜೇಬಿನೊಳಗೆ ಹೋದವು.

"ಆರಿಸೋ," ಎಂದರು ಯಜಮಾನರು ತಗ್ಗಿದ ದನಿಯಲ್ಲಿ. "ಚೆನ್ನಾಗಿದೆ ಅಂದ್ಯಲ್ಲ, ಆರಿಸು."

"ಬೇಡ ಭಾವ."

ಮೊದಲು ‘ಚೆನ್ನಾಗೇ ಇತ್ತು’, ಈಗ ‘ಬೇಡ’: ಅವನ ಈ ಎರಡು ಮಾತನ್ನೂ ಅತ್ತಿಗೆ ಬರೆದುಕೊಂಡರು. ಕೆಳಗೆ ಗಂಟೆ, ತಾರೀಖು. ಸಾಕ್ಷಿಯ ಜಾಗದಲ್ಲಿ ಯಜಮಾನರು ಸಹಿ ಹಾಕಿದರು.

"ನನ್ನ ಗಂಡನಿಗೆ ಬೇಡ ಅನ್ನೋ ಅವಕಾಶ ನೀವು ಕೊಡಲಿಲ್ಲ," ಎಂದೆ. "ನಾಳೆ ವಿಚಾರಣೆಗೆ ಈ ಪೆಟ್ಟಿಗೆ ಬರುತ್ತೆ. ನೀವೂ ಬನ್ನಿ. ಎಲ್ಲರ ಮುಂದೆ ಇನ್ನೊಂದು ಸಲ ಆರಿಸೋಕೆ ಹೇಳ್ತೀನಿ."