ಆಷಾಢದಲ್ಲಿ ಪ್ರಿಪೋನ್

ವಿಶ್ವರಾಧ್ಯ ಅವಳ ಬದುಕಿಗೆ ಕಾಲಿಟ್ಟಿದ್ದೇ ಜಗಳ ತೆಗೆಯುತ್ತ.

ಶಿವರಂಜನಿ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಉಪನ್ಯಾಸಕರ ತರಬೇತಿಗೆ ಅವಳೇ ನೋಟಿಸು ಟೈಪು ಮಾಡಿದ್ದಳು: ಹನ್ನೊಂದು ಗಂಟೆಯ ತರಬೇತಿ ಹತ್ತಕ್ಕೆ ಪ್ರಿಪೋನ್ ಆಗಿದೆ. ಸುರಪುರದ ಕಾಲೇಜಿನ ಈ ಇಂಗ್ಲಿಷ್ ಮಹಾಶಯ ಹಟ ಹಿಡಿದವನಂತೆ ಹನ್ನೊಂದಕ್ಕೇ ಬಂದ. ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನೋಟಿಸನ್ನು ಅವಳ ಮೇಜಿನ ಮೇಲಿಟ್ಟ.

"ಮೇಡಂ, ಈ ಶಬ್ದ ಇಂಗ್ಲಿಷಿನ್ಯಾಗ ಇಲ್ರಿ."

"ಶಬ್ದ ಇಲ್ಲದಿದ್ರೂ ಟ್ರೇನಿಂಗ್ ಸುರು ಆಗ್ಯಾದ್ರಿ. ನಿಮ್ಮ ಹೆಸರಿನ ಮುಂದ ಗೈರುಹಾಜರಿ ಬಿದ್ದಾದ."

ಅವನು ತಬ್ಬಿಬ್ಬಾಗಿ, ಆಮೇಲೆ ಬಾಯ್ತುಂಬ ನಕ್ಕ. ಅವಳು ಕೆಟ್ಟದ್ದು ಆ ನಗುವಿನಿಂದಲೇ.

ಅದಾಗಿ ಮೂರು ವರ್ಷ. ಅವನೂರಿಗೂ ಅವಳೂರಿಗೂ ನಡುವೆ ಶಹಾಪುರ. ಶನಿವಾರ ಮಧ್ಯಾಹ್ನ ಅಲ್ಲಿನ ಖಾನಾವಳಿಯ ಮೂಲೆಯ ಮೇಜು ಇಬ್ಬರದು. ಎಲ್ಲ ಚೆನ್ನಾಗಿತ್ತು, ಮದುವೆಯ ಮಾತೊಂದು ಬಿಟ್ಟು. ಜೋಳದ ರಾಶಿ ಆಗಲಿ ಎಂದ, ಆಯಿತು. ತಂಗಿಯ ಬಾಣಂತನ ಮುಗಿಯಲಿ ಎಂದ, ಆ ಕೂಸು ಈಗ ಅಂಗನವಾಡಿಗೆ ಹೋಗುತ್ತಿದೆ. ಕೇಳಿದಾಗೆಲ್ಲ ಅವ್ವನ ಮೇಲೆ ಹಾಕುವ ಇವನು ಮಾತ್ರ ಇದ್ದಲ್ಲೇ ಇದ್ದಾನೆ.

"ಶ್ರಾವಣದ ಮೊದಲ ಸೋಮವಾರ ಸೇಡಂನೋರು ನನ್ನ ನೋಡಾಕ ಬರಾಕತ್ತಾರ," ಎಂದಳು ಆ ಶನಿವಾರ. "ಅವತ್ತೇ ಅಪ್ಪ ಮಾತು ಕೊಡ್ತಾನ. ನೀವು ಅದಕ್ಕೂ ಮೊದಲು ಬರಬೇಕು."

"ಈಗ ಆಷಾಢ, ರಂಜು. ಅವ್ವ ಒಪ್ಪಂಗಿಲ್ಲ. ಪಂಚಮಿ ಒಂದು ಹೋಗ್ಲಿ..."

"ಪೋಸ್ಟ್‌ಪೋನ್ ಮಾಡೋದೊಂದೇ ಏನ್ರಿ ನಿಮಗ ಬರೋದು?"

ಮೇಷ್ಟ್ರ ಸ್ವಭಾವ ಎಲ್ಲಿ ಹೋಗಬೇಕು! "ಪೋನೆರೆ ಅಂದ್ರ ಲ್ಯಾಟಿನ್‌ದಾಗ ಇಡೋದು. ಪೋಸ್ಟ್ ಅಂದ್ರ ಆಮ್ಯಾಲ. ಅದನ್ನ ನೋಡಿ ನಮ್ಮ ದೇಶದ ಮಂದಿ ಪ್ರಿಪೋನ್ ಬಳಸಾಕ ಹತ್ತಿದ್ರು, ಮೊದಲೇ ಇಡೋದು ಅಂತ. ಈಗ ದೊಡ್ಡ ಡಿಕ್ಷನರಿಯೋರೂ ತೊಗೊಂಡಾರ. ಅವತ್ತು ನಂದೇ ತಪ್ಪು."

ಮದುವೆಯ ಮಾತೆತ್ತಿದರೆ ಪದದ ಹುಟ್ಟು ಹೇಳುವ ಗಂಡಸು! ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ತಪ್ಪೊಪ್ಪಿಕೊಳ್ಳುವಾಗ ಅವನ ಕಿವಿ ಕೆಂಪಗಾಗುತ್ತಿತ್ತು. ಇಂಥ ಹೊತ್ತಿನಲ್ಲೂ ಆ ಕಿವಿ ಮುದ್ದಾಗಿ ಕಂಡಿತಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

"ಡಿಕ್ಷನರಿಯೊಳಗ ಬಂತು, ನಿಮ್ಮ ಮನಿಯೊಳಗ ಬರ್ಲಿಲ್ಲ," ಎಂದು ಅರ್ಧ ಚಹಾ ಬಿಟ್ಟು ಎದ್ದಳು.

ಮರುದಿನ ಪೇಡೆಯ ಡಬ್ಬಿ ಹಿಡಿದು ಸುರಪುರದ ಬಸ್ಸು ಹತ್ತಿದಳು. ವಿಶ್ವರಾಧ್ಯನ ತಾಯಿ ಗುರುದೇವಿ ಕಟ್ಟೆಯ ಮೇಲೆ ಜೋಳ ಕೇರುತ್ತ ಕೂತಿದ್ದರು.

"ಯಾರು ಬೇಕಾಗಿತ್ತವ್ವ?"

"ನಾ ಶಿವರಂಜನಿ ಅಂತರಿ, ಯಾದಗಿರಿಯಿಂದ ಬಂದೀನಿ. ನಿಮ್ಮ ಮಗನ್ನ ನೋಡಾಕ."

"ಕಾಲೇಜಿನ ಕೆಲಸೇನು?"

"ಅಲ್ರಿ. ವರ ನೋಡಾಕ."

ಮೊರ ನಿಂತಿತು. ಮಾತು ಕೇಳಿ ಒಳಗಿನಿಂದ ವಿಶ್ವರಾಧ್ಯ ಬಂದ. ಅರ್ಧ ಗಡ್ಡ ಬೋಳಿಸಿತ್ತು, ಇನ್ನರ್ಧ ಸೋಪಿನ ನೊರೆಯಲ್ಲಿತ್ತು. ಅವಳನ್ನು ಕಂಡು ಅಲ್ಲೇ ಕಂಬವಾದ.

"ಆಷಾಢದಾಗ ಬಂದೆ ಅಂತ ಸಿಟ್ಟಾಗಬ್ಯಾಡ್ರಿ. ಶ್ರಾವಣಕ್ಕ ತಡ ಆಗ್ತದ."

"ಆಷಾಢದಾಗ ಲಗ್ನ ಮಾಡಂಗಿಲ್ಲ. ಮಾತಾಡಾಕ ಏನು ಧಾಡಿ?" ಎಂದು ಗುರುದೇವಿ ಮಗನ ಕಡೆ ತಿರುಗಿದರು. "ಮನಸಿನಾಗ ಯಾರರ ಇದ್ರ ಹೇಳೋ ಅಂತ ಎಷ್ಟು ಸಲ ಕೇಳೀನಿ! ಯಾರೂ ಇಲ್ಲ ಅಂದಿ. ನಾ ಒಲ್ಲೆ ಅಂತ ಯಾವಾಗ ಅಂದಿದ್ದೆನೋ?"

ಶಿವರಂಜನಿಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಅವಳು ಹೆದರಿದ ಅತ್ತೆ ಇವರಲ್ಲವೇ ಅಲ್ಲ. ಅಡ್ಡ ನಿಂತವನು ಇವನೊಬ್ಬನೇ.

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ನಾ ಬ್ಯಾಡಾಗಿದ್ರ ಈಗ ಹೇಳ್ರಿ. ಒಂದೂವರಿ ಬಸ್ಸಿಗೆ ಹೋಗ್ತೀನಿ. ಮತ್ತ ಶಹಾಪುರಕ್ಕ ಬರಂಗಿಲ್ಲ."

ಅವನು ಕಟ್ಟೆಯ ಹತ್ತಿರ ಬಂದ. "ಅವ್ವಂದು ನೆಪ, ರಂಜು. ನಿಮ್ಮಪ್ಪ ಇಲ್ಲ ಅಂದ್ರ ಏನು ಮಾಡ್ಲಿ ಅಂತ ಅಂಜಿಕಿ. ಕೇಳದಿದ್ರ ಶನಿವಾರ ಆದ್ರೂ ನೀ ಸಿಗ್ತಿದ್ದಿ. ಕೇಳಿ ಅದನ್ನೂ ಕಳಕೊಂಡ್ರ ನಾ ಹ್ಯಾಂಗ ಇರ್ಲಿ?"

ಮೂರು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವಾ, ಸೀರಿ ಉಟ್ಕೋ," ಎಂದ ಅವನು ಚಪ್ಪಲಿ ಮೆಟ್ಟುತ್ತ. "ಅದೇ ಬಸ್ಸಿಗೆ ಮೂರೂ ಮಂದಿ ಹೋಗೂಣು. ಇವತ್ತೇ ಕೇಳ್ತೀನಿ."

ಗುರುದೇವಿ ಆಗಲೇ ಮಡಿಲಿನ ಹೊಟ್ಟು ಕೊಡವಿಕೊಂಡು ಎದ್ದಿದ್ದರು.

"ನಿಲ್ರಿ," ಎಂದಳು ಶಿವರಂಜನಿ. ಅವನು ಒಂದೇ ಚಪ್ಪಲಿಯಲ್ಲಿ ನಿಂತ.

"ಉಳಿದ ಗಡ್ಡ ಬೋಳಿಸ್ಕೊಂಡು ಬರ್ರಿ. ಹಿಂಗ ನೋಡಿದ್ರ ನಮ್ಮಪ್ಪ ಖರೇನ ಇಲ್ಲ ಅಂತಾನ."